ಡಿ.ಎಫ್.ಎಸ್.ಪಿ. ಎಂಬ ಅಪರೂಪದ ಚರ್ಮದ ಕ್ಯಾನ್ಸರ್: ಅಗಲವಾಗಿ ಕೊಯ್ಯಿಸುವುದೋ, ಅಂಚು ನೋಡುತ್ತಾ ಕೊಯ್ಯಿಸುವುದೋ?

ಹೆಗಲ ಮೇಲೆ, ಕೊರಳೆಲುಬಿನ ಬಳಿ, ಹೊಟ್ಟೆಯ ಮೇಲೆ ಅಥವಾ ತೊಡೆಯ ಮೇಲ್ಭಾಗದಲ್ಲಿ ಕಂದುಗೆಂಪು ಬಣ್ಣದ ಗಟ್ಟಿ ಗಂಟೊಂದು ವರ್ಷಗಟ್ಟಲೆ ಇರುತ್ತದೆ. ಅದರಲ್ಲಿ ನೋವಿಲ್ಲ, ಕೀವಿಲ್ಲ. ಹಳೆಯ ಗಾಯದ ಕಲೆ ದಪ್ಪವಾಗಿದೆ ಎಂದು ಒಬ್ಬರು, ಕೀಲಾಯ್ಡ್ ಎಂದು ಇನ್ನೊಬ್ಬರು, ಕೊಬ್ಬಿನ ಗಡ್ಡೆ ಎಂದು ಮತ್ತೊಬ್ಬರು ಹೇಳಿರುತ್ತಾರೆ. ಕೊನೆಗೆ ಒಂದು ದಿನ ಊರಿನ ನರ್ಸಿಂಗ್ ಹೋಮಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ಅದನ್ನು ತೆಗೆದು ಹೊಲಿಗೆ ಹಾಕಿ ಕಳುಹಿಸುತ್ತಾರೆ. ವಾರದ ನಂತರ ಬಂದ ಬಯಾಪ್ಸಿ ವರದಿಯಲ್ಲಿ ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯೂಬರನ್ಸ್ ಎಂಬ ಉದ್ದನೆಯ ಹೆಸರೂ, ಅಂಚಿನಲ್ಲಿ ಗಡ್ಡೆಯ ಅಂಶ ಉಳಿದಿದೆ ಎಂಬ ಸಾಲೂ ಇರುತ್ತವೆ. ಆ ವರದಿಯನ್ನು ಹಿಡಿದು ಮುಂದಿನ ಶಸ್ತ್ರಚಿಕಿತ್ಸೆ ಯಾವ ಬಗೆಯದಾಗಿರಬೇಕು ಎಂದು ನಿರ್ಧರಿಸಬೇಕಾದವರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದು ತಿಳಿದಿರಲಿ ಎಂಬುದಷ್ಟೇ ಇದರ ಉದ್ದೇಶ.

ಹೆಸರು ಉದ್ದವಾದುದರಿಂದ ವೈದ್ಯರು ಇದನ್ನು ಡಿ.ಎಫ್.ಎಸ್.ಪಿ. ಎಂದೇ ಕರೆಯುತ್ತಾರೆ. ಅಮೆರಿಕದ ದಾಖಲೆಗಳ ಪ್ರಕಾರ ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 4 ಮಂದಿಗೆ ಬರುತ್ತದೆ. ಹೆಚ್ಚಾಗಿ 20ರಿಂದ 50 ವರ್ಷದೊಳಗಿನವರಲ್ಲಿ ಕಾಣಿಸುತ್ತದೆ. ಅರ್ಧದಷ್ಟು ಗಡ್ಡೆಗಳು ಎದೆ, ಬೆನ್ನು, ಹೊಟ್ಟೆಯ ಭಾಗದಲ್ಲಿಯೇ ಇರುತ್ತವೆ. ಫ್ರಾನ್ಸಿನ ಡಾರಿಯೆ ಮತ್ತು ಫೆರಾಂ ಎಂಬ ವೈದ್ಯರು 1924ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು, ಮರುವರ್ಷ ಜರ್ಮನಿಯ ಹಾಫ್‌ಮನ್ ಇಂದಿನ ಹೆಸರನ್ನು ಇಟ್ಟರು. 17 ಮತ್ತು 22ನೆಯ ಕ್ರೋಮೋಸೋಮುಗಳ ತುಣುಕುಗಳು ಅದಲುಬದಲಾಗಿ, ಚರ್ಮದ ಕೊಲಾಜನ್ ಜೀನಿಗೆ ಒಂದು ಬೆಳವಣಿಗೆಯ ಜೀನು ಅಂಟಿಕೊಂಡು, ಜೀವಕೋಶಕ್ಕೆ ‘ಬೆಳೆ, ಬೆಳೆ’ ಎಂಬ ಆಜ್ಞೆ ನಿಲ್ಲದೆ ಹೋಗುತ್ತಿರುವುದೇ ಇದರ ಮೂಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಈ ಬದಲಾವಣೆ ಸಿಗುತ್ತದೆ.

ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದೊಡನೆ ಎದೆ ಕುಸಿಯುವುದು ಸಹಜ. ಆದರೆ ಈ ಕಾಯಿಲೆಯ ಸ್ವಭಾವವನ್ನು ಮೊದಲೇ ತಿಳಿದುಕೊಂಡರೆ ನಿರ್ಧಾರ ಸಮಾಧಾನದಿಂದ ಆಗುತ್ತದೆ. ಡಿ.ಎಫ್.ಎಸ್.ಪಿ. ದೇಹದ ಬೇರೆ ಅಂಗಕ್ಕೆ ಹರಡುವುದು ನೂರರಲ್ಲಿ 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ. ಹರಡಿದರೆ ಅದು ಮುಖ್ಯವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುವುದು ಇನ್ನೂ ಅಪರೂಪ. ಇದರ ತೊಂದರೆಯೆಲ್ಲ ಇರುವುದು ಹುಟ್ಟಿದ ಜಾಗದಲ್ಲಿ. ಗದ್ದೆಯ ಬದುವಿನಲ್ಲಿ ಗರಿಕೆ ಕಿತ್ತವರಿಗೆ ಇದನ್ನು ವಿವರಿಸುವುದು ಸುಲಭ. ಮೇಲೆ ಕಾಣುವ ಹಸಿರನ್ನೆಲ್ಲ ಕಿತ್ತರೂ ಮಣ್ಣಿನೊಳಗೆ ಯಾವ ದಿಕ್ಕಿಗೆ ಎಷ್ಟು ದೂರ ಬೇರು ಓಡಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಹಾಗೆಯೇ ಈ ಗಡ್ಡೆಯೂ ಚರ್ಮದ ಕೆಳಪದರದಲ್ಲಿ, ಕೊಬ್ಬಿನ ಗೋಡೆಗಳ ನಡುವೆ, ತೆಳ್ಳಗಿನ ಎಳೆಗಳನ್ನು ಚಾಚುತ್ತದೆ; ಒಂದು ಬದಿಗೆ ಅರ್ಧ ಸೆಂಟಿಮೀಟರ್ ಹೋಗಿದ್ದರೆ ಇನ್ನೊಂದು ಬದಿಗೆ 3 ಸೆಂಟಿಮೀಟರ್ ಹೋಗಿರಬಹುದು. ಕಣ್ಣಿಗಾಗಲಿ ಬೆರಳಿಗಾಗಲಿ ಆ ಎಳೆಗಳು ಸಿಗುವುದಿಲ್ಲ. ಶಸ್ತ್ರಚಿಕಿತ್ಸೆಯ ಎರಡು ಮಾರ್ಗಗಳೂ ಈ ಒಂದೇ ತೊಂದರೆಗೆ ಕೊಟ್ಟ ಎರಡು ಉತ್ತರಗಳು.

ಮೊದಲನೆಯ ಮಾರ್ಗ: ಅಗಲವಾಗಿ ಕೊಯ್ದು ತೆಗೆಯುವುದು

ಇದನ್ನು ವೈಡ್ ಎಕ್ಸಿಶನ್ ಎನ್ನುತ್ತಾರೆ. ಗಡ್ಡೆ ಎಲ್ಲಿಯವರೆಗೆ ಕಾಣುತ್ತದೆಯೋ ಅಲ್ಲಿಂದ ಸುತ್ತಲೂ ಇಷ್ಟು ಸೆಂಟಿಮೀಟರ್ ಎಂದು ಗೆರೆ ಎಳೆದು, ಆಳಕ್ಕೆ ಸ್ನಾಯುವಿನ ಮೇಲಿನ ಪೊರೆಯನ್ನೂ ಸೇರಿಸಿ, ಇಡೀ ಭಾಗವನ್ನು ಒಂದೇ ತುಂಡಾಗಿ ತೆಗೆಯುತ್ತಾರೆ. ಹೀಗೆ ಸುತ್ತಲೂ ಬಿಡುವ ಅಂತರ ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್. ಎಳೆ ಎಲ್ಲಿಗೆ ಹೋಗಿದೆ ಎಂದು ಗೊತ್ತಿಲ್ಲದಿರುವುದರಿಂದ ಎಲ್ಲ ದಿಕ್ಕಿಗೂ ಸಮನಾಗಿ ಧಾರಾಳವಾಗಿ ತೆಗೆದುಬಿಡುವುದು ಇಲ್ಲಿನ ತರ್ಕ.

ಈ ಧಾರಾಳದ ಬೆಲೆ ಎಷ್ಟು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 3 ಸೆಂಟಿಮೀಟರ್ ಅಗಲದ ಗಡ್ಡೆಯ ಸುತ್ತ 2 ಸೆಂಟಿಮೀಟರ್ ಬಿಟ್ಟು ಕೊಯ್ದರೆ ಗಾಯದ ಅಗಲ 7 ಸೆಂಟಿಮೀಟರ್, ವಿಸ್ತೀರ್ಣ ಸುಮಾರು 38 ಚದರ ಸೆಂಟಿಮೀಟರ್ ಆಗುತ್ತದೆ. 3 ಸೆಂಟಿಮೀಟರ್ ಬಿಟ್ಟರೆ ವಿಸ್ತೀರ್ಣ 64ರ ಹತ್ತಿರ, 4 ಬಿಟ್ಟರೆ 95. ಅಂದರೆ ಸುತ್ತಲೂ ಬಿಡುವ ಅಂತರವನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರೆ ಗಾಯ ಎರಡೂವರೆ ಪಟ್ಟು ಹಿಗ್ಗುತ್ತದೆ. ಬೆನ್ನಿನಲ್ಲಿ ಅಥವಾ ಹೊಟ್ಟೆಯಲ್ಲಿ ಚರ್ಮ ಸಡಿಲವಾಗಿರುವವರು ಇದನ್ನು ತಾಳಿಕೊಳ್ಳಬಹುದು. ಕೆನ್ನೆ, ನೆತ್ತಿ, ಪಾದ ಅಥವಾ ಬೆರಳುಗಳಲ್ಲಿ ಇಷ್ಟು ಜಾಗವೇ ಇರುವುದಿಲ್ಲ.

ಇಷ್ಟು ತೆಗೆದರೂ ಎಳೆ ಉಳಿಯುವುದಿಲ್ಲವೆಂಬ ಖಾತರಿ ಇದೆಯೇ? 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನು ಜಾಣತನದಿಂದ ಪರಿಶೀಲಿಸಿತು. ಗಡ್ಡೆಯ ಎಳೆಗಳು ನಿಜವಾಗಿ ಎಲ್ಲಿಯವರೆಗೆ ಹೋಗಿದ್ದವು ಎಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ ರೋಗಿಗಳ ದಾಖಲೆಗಳನ್ನು ತೆಗೆದುಕೊಂಡು, ಇವರಿಗೆ ಒಂದು ವೇಳೆ ನಿಗದಿತ ಅಳತೆಯಲ್ಲಿ ಕೊಯ್ದಿದ್ದರೆ ಎಷ್ಟು ಜನರಲ್ಲಿ ಗಡ್ಡೆ ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿದರು. 1 ಸೆಂಟಿಮೀಟರಿಗೆ ಸುಮಾರು ಶೇ. 70, 2ಕ್ಕೆ ಶೇ. 40ರಷ್ಟು, 3ಕ್ಕೆ ಶೇ. 15ರಷ್ಟು, 5 ಸೆಂಟಿಮೀಟರ್ ಬಿಟ್ಟರೂ ಶೇ. 5ರಷ್ಟು ಜನರಲ್ಲಿ ಎಳೆ ಉಳಿಯುತ್ತಿತ್ತು. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ಇನ್ನೊಂದು ಮಾತೂ ಕಾಣುತ್ತದೆ: ಹತ್ತರಲ್ಲಿ ಆರು ಮಂದಿಗೆ 2 ಸೆಂಟಿಮೀಟರ್ ಸಾಕಾಗಿತ್ತು, ಅವರಿಗೆ 4 ಸೆಂಟಿಮೀಟರ್ ಕೊಯ್ದಿದ್ದರೆ ಉಳಿದದ್ದೆಲ್ಲ ಅನಗತ್ಯವಾಗಿ ಕಳೆದುಕೊಂಡ ಒಳ್ಳೆಯ ಚರ್ಮ.

ಎರಡನೆಯ ಮಾರ್ಗ: ಮೋಸ್ ಶಸ್ತ್ರಚಿಕಿತ್ಸೆ

ಹೆಸರು ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸುತ್ತದೆ, ಒಪ್ಪಬೇಕಾದದ್ದೇ. ಅದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಮೋಸ್ ಎಂಬ ಶಸ್ತ್ರವೈದ್ಯರ ಹೆಸರು. 1930ರ ದಶಕದಲ್ಲಿ ಅವರು ಜಿಂಕ್ ಕ್ಲೋರೈಡ್ ಲೇಪನದಿಂದ ಚರ್ಮವನ್ನು ಗಟ್ಟಿಮಾಡಿ, ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ರೂಪಿಸಿದರು. ಈಗ ಲೇಪನ ಹೋಗಿದೆ. ತೆಗೆದ ಹಸಿ ಪದರವನ್ನೇ ತಕ್ಷಣ ಹೆಪ್ಪುಗಟ್ಟಿಸಿ ಪರೀಕ್ಷಿಸುತ್ತಾರೆ.

ನಡೆಯುವ ಕ್ರಮ ಹೀಗಿದೆ. ಕಾಣುವ ಗಡ್ಡೆಯನ್ನು ತೆಗೆದ ಮೇಲೆ ಅದರ ಸುತ್ತಲಿನ ಮತ್ತು ತಳದ ಅಂಗಾಂಶವನ್ನು ಬಟ್ಟಲಿನ ಆಕಾರದ ತೆಳುವಾದ ಪದರವಾಗಿ ತೆಗೆಯುತ್ತಾರೆ, ಬಣ್ಣ ಹಚ್ಚಿ ದಿಕ್ಕು ಗುರುತಿಸುತ್ತಾರೆ, ನಕ್ಷೆ ಬರೆದುಕೊಳ್ಳುತ್ತಾರೆ. ನಿಂಬೆಹಣ್ಣಿನ ದೀಪ ಹಚ್ಚುವವರು ರಸ ಹಿಂಡಿದ ಹೋಳನ್ನು ಮಗುಚುವುದನ್ನು ನೆನೆಯಿರಿ. ಆ ಸಿಪ್ಪೆಯನ್ನು ಇನ್ನೂ ಒತ್ತಿ ಚಪ್ಪಟೆ ಮಾಡಿದರೆ ಹೊರಮೈಯೆಲ್ಲ ಒಂದೇ ಸಮತಲಕ್ಕೆ ಬರುತ್ತದೆ. ಪದರವನ್ನೂ ಹಾಗೆ ಚಪ್ಪಟೆ ಮಾಡಿ ಕತ್ತರಿಸಿದಾಗ ಪಕ್ಕದ ಅಂಚು, ತಳದ ಅಂಚು ಎರಡೂ ಒಂದೇ ಗಾಜಿನ ಮೇಲೆ ಪೂರ್ತಿಯಾಗಿ ಕಾಣುತ್ತವೆ. ಎಲ್ಲಿ ಗಡ್ಡೆಯ ಎಳೆ ಸಿಕ್ಕಿತೋ ನಕ್ಷೆಯಲ್ಲಿ ಆ ಜಾಗವನ್ನು ಹುಡುಕಿ, ಅಲ್ಲಿ ಮಾತ್ರ ಮತ್ತೊಂದು ಪದರ ತೆಗೆಯುತ್ತಾರೆ. ಎಳೆ ಮುಗಿಯುವವರೆಗೆ ಹೀಗೆ ಮುಂದುವರಿಯುತ್ತದೆ. ಗರಿಕೆಯ ಬೇರನ್ನು ಹಿಡಿದುಕೊಂಡೇ ಅದು ಹೋದ ಕಡೆ ಮಾತ್ರ ಮಣ್ಣು ಅಗೆದಂತೆ.

ಸಾಮಾನ್ಯ ಪರೀಕ್ಷೆಯಲ್ಲಿ ಆಗುವುದೇ ಬೇರೆ. ಅಗಲವಾಗಿ ಕೊಯ್ದ ತುಂಡನ್ನು ಪ್ರಯೋಗಾಲಯದಲ್ಲಿ ಬ್ರೆಡ್ಡಿನ ಹೋಳುಗಳಂತೆ ಅಡ್ಡಡ್ಡಲಾಗಿ ಕತ್ತರಿಸಿ, ಪ್ರತಿ ಹೋಳಿನಿಂದ ಕೂದಲಿಗಿಂತ ತೆಳ್ಳಗಿನ ಒಂದೆರಡು ಪದರಗಳನ್ನು ನೋಡುತ್ತಾರೆ. ಹೋಳು ಹೋಳುಗಳ ನಡುವೆ ಇರುವ ಅಂಚನ್ನು ಯಾರೂ ನೋಡಿರುವುದಿಲ್ಲ. ಒಟ್ಟು ಅಂಚಿನಲ್ಲಿ ಈ ವಿಧಾನಕ್ಕೆ ಕಾಣುವುದು ಶೇ. 1ಕ್ಕಿಂತಲೂ ಕಡಿಮೆ. ವರದಿಯಲ್ಲಿ ಅಂಚು ಶುದ್ಧವಾಗಿದೆ ಎಂದು ಬರೆದಿದ್ದರೆ, ನೋಡಿದಷ್ಟು ಜಾಗದಲ್ಲಿ ಶುದ್ಧವಾಗಿದೆ ಎಂದು ಅದರ ಅರ್ಥ. ದುಂಡಗೆ, ಮಟ್ಟಸವಾಗಿ ಬೆಳೆಯುವ ಗಡ್ಡೆಗಳಿಗೆ ಇಷ್ಟು ಸಾಕಾಗುತ್ತದೆ. ಎಳೆ ಚಾಚುವ ಡಿ.ಎಫ್.ಎಸ್.ಪಿ.ಯಂಥದ್ದಕ್ಕೆ ಹಲವು ಬಾರಿ ಸಾಕಾಗುವುದಿಲ್ಲ. ವರದಿ ಶುದ್ಧವೆಂದಿದ್ದರೂ ಮೂರು ವರ್ಷದ ಮೇಲೆ ಹೊಲಿಗೆಯ ಗುರುತಿನಲ್ಲೇ ಗಂಟು ಮೇಲೇಳುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ವೈದ್ಯರ ಕೈತಪ್ಪಿಗಿಂತ ಈ ಕಾಣದ ಜಾಗವೇ ಕಾರಣ.

ಮೋಸ್ ವಿಧಾನಕ್ಕೂ ಅದರದೇ ಆದ ಕುಂದು ಇದೆ. ಹೆಪ್ಪುಗಟ್ಟಿಸಿದ ಪದರದಲ್ಲಿ ಡಿ.ಎಫ್.ಎಸ್.ಪಿ.ಯ ಕದಿರಿನಾಕಾರದ ಕೋಶಗಳನ್ನೂ ಚರ್ಮದ ಸಹಜ ನಾರುಕೋಶಗಳನ್ನೂ ಗಾಯದ ಕಲೆಯ ಕೋಶಗಳನ್ನೂ ಬೇರ್ಪಡಿಸಿ ನೋಡುವುದು ನುರಿತ ಕಣ್ಣಿಗೂ ಕಷ್ಟ. ಬೇಸಲ್ ಸೆಲ್ ಕಾರ್ಸಿನೋಮದಂಥ ಸಾಮಾನ್ಯ ಚರ್ಮದ ಕ್ಯಾನ್ಸರಿನಲ್ಲಿ ಈ ಕಷ್ಟ ಇಷ್ಟಿಲ್ಲ. ಹೀಗಾಗಿ ಡಿ.ಎಫ್.ಎಸ್.ಪಿ.ಗೆ ಹಲವರು ‘ನಿಧಾನ ಮೋಸ್’ ಎಂಬ ರೂಪವನ್ನು ಆರಿಸುತ್ತಾರೆ. ಇದರಲ್ಲಿ ಪದರವನ್ನು ಹೆಪ್ಪುಗಟ್ಟಿಸುವುದಿಲ್ಲ. ಎಂದಿನಂತೆ ಫಾರ್ಮಲಿನ್ನಿನಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ, ಬೇಕಾದರೆ ಸಿಡಿ34 ಎಂಬ ಬಣ್ಣದ ಪರೀಕ್ಷೆಯನ್ನೂ ಮಾಡಿ, ಒಂದೆರಡು ದಿನ ಅಥವಾ ಇನ್ನೂ ಹೆಚ್ಚು ಸಮಯ ತೆಗೆದುಕೊಂಡು ಓದುತ್ತಾರೆ. ಅಲ್ಲಿಯವರೆಗೆ ಗಾಯಕ್ಕೆ ಡ್ರೆಸ್ಸಿಂಗ್ ಹಾಕಿ ಹಾಗೆಯೇ ಬಿಟ್ಟಿರುತ್ತಾರೆ. ಜರ್ಮನಿಯಲ್ಲಿ, ಮುಖ್ಯವಾಗಿ ಟ್ಯೂಬಿಂಗೆನ್ ನಗರದ ಚರ್ಮರೋಗ ವಿಭಾಗದಿಂದ, ಇದೇ ಬಗೆಯ ಪೂರ್ಣ ಅಂಚಿನ ಪರೀಕ್ಷೆ ಬೆಳೆದುಬಂದಿದೆ.

ಅಂಕಿಗಳು ಹೇಳುವುದು, ಹೇಳದಿರುವುದು

2012ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಾಮರ್ಶೆಯಲ್ಲಿ ಮೋಸ್ ನಂತರ ಮರುಕಳಿಕೆ ಶೇ. 1ರ ಆಸುಪಾಸಿನಲ್ಲೂ, ಅಗಲ ಶಸ್ತ್ರಚಿಕಿತ್ಸೆಯ ನಂತರ ಶೇ. 6ರ ಆಸುಪಾಸಿನಲ್ಲೂ ಇತ್ತು. ಅಂತರ್ಜಾಲದಲ್ಲಿ ಹುಡುಕಿದವರು ಮೊದಲು ಕಾಣುವುದು ಇಂಥ ಹೋಲಿಕೆಗಳನ್ನೇ, ಕಂಡೊಡನೆ ತೀರ್ಪು ಬಂದಂತೆ ಅನ್ನಿಸುತ್ತದೆ. ಆದರೆ ಆ ಅಧ್ಯಯನಗಳಲ್ಲಿ ಯಾವುದೂ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ್ದಲ್ಲ. ದೊಡ್ಡ, ಆಳವಾದ, ಬೇರೆಡೆ ಒಮ್ಮೆ ಕೊಯ್ದು ಮರಳಿ ಬಂದ ಗಡ್ಡೆಗಳು ಕ್ಯಾನ್ಸರ್ ಶಸ್ತ್ರವೈದ್ಯರ ಬಳಿಗೆ ಹೋಗುವುದು ಹೆಚ್ಚು. ಚಿಕ್ಕವು ಮೋಸ್ ಮಾಡುವ ಚರ್ಮವೈದ್ಯರ ಬಳಿ ಉಳಿಯುವುದು ಹೆಚ್ಚು. ಅಗಲ ಶಸ್ತ್ರಚಿಕಿತ್ಸೆ ಎಂಬ ಒಂದೇ ಹೆಸರಿನಡಿ 1 ಸೆಂಟಿಮೀಟರ್ ಕೊಯ್ದವರೂ 5 ಸೆಂಟಿಮೀಟರ್ ಕೊಯ್ದವರೂ ಸೇರಿದ್ದಾರೆ.

ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಕಲಿಸುವುದು 2010ರಲ್ಲಿ ಅಮೆರಿಕದ ಮೂರು ಕೇಂದ್ರಗಳಿಂದ ಒಟ್ಟಾಗಿ ಪ್ರಕಟವಾದ ವರದಿ. ಅಲ್ಲಿ 200ಕ್ಕೂ ಹೆಚ್ಚು ರೋಗಿಗಳಿಗೆ ಮಾಡಿದ್ದು ಅಗಲ ಶಸ್ತ್ರಚಿಕಿತ್ಸೆಯೇ, ಮೋಸ್ ಅಲ್ಲ. ಆದರೆ ತೆಗೆದ ತುಂಡಿನ ಸುತ್ತಂಚನ್ನು ಹೋಳು ಹೋಳಾಗಿ ನೋಡದೆ, ಪಟ್ಟಿಯಂತೆ ಸುಲಿದು ಪೂರ್ತಿಯಾಗಿ ಪರೀಕ್ಷಿಸಿದರು. ಗಡ್ಡೆ ಸಿಕ್ಕಿದರೆ ಮತ್ತೆ ಕೊಯ್ದರು. ಐದು ವರ್ಷಕ್ಕೂ ಹೆಚ್ಚಿನ ಸರಾಸರಿ ಗಮನಿಕೆಯಲ್ಲಿ ಅವರ ಮರುಕಳಿಕೆಯೂ ಶೇ. 1ರಷ್ಟೇ. ಹಾಗಾದರೆ ಫಲಿತಾಂಶವನ್ನು ಬದಲಿಸಿದ್ದು ಚಾಕು ಹಿಡಿದ ವಿಭಾಗವೂ ಅಲ್ಲ, ವಿಧಾನದ ಹೆಸರೂ ಅಲ್ಲ. ಅಂಚನ್ನು ಎಷ್ಟು ನೋಡಿದರು, ನೋಡಿ ಮುಗಿಯುವವರೆಗೆ ಕಾದರೇ ಎಂಬುದು. ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟದ ಮಾರ್ಗಸೂಚಿಯೂ ಈಗ ಮೋಸ್ ಅಥವಾ ಇಂಥ ಪೂರ್ಣ ಅಂಚಿನ ಪರೀಕ್ಷೆಗೆ ಮೊದಲ ಸ್ಥಾನ ಕೊಟ್ಟು, ಅದು ಸಿಗದ ಕಡೆ ಅಗಲವಾಗಿ ಕೊಯ್ಯಬಹುದು ಎನ್ನುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ‘ಇಲ್ಲಿ ಎಲ್ಲರಿಗೂ ಮೋಸ್ ಮಾಡುತ್ತಾರೆ, ಅಪ್ಪನಿಗೆ ಯಾಕೆ ಮಾಡುತ್ತಿಲ್ಲ’ ಎಂದು ಕೇಳಿದರೆ ಮನೆಯವರು ತಾವೇನೋ ಕಡಿಮೆ ದರ್ಜೆಯ ಚಿಕಿತ್ಸೆಗೆ ಒಪ್ಪಿಕೊಂಡೆವೆಂದು ಕೊರಗುತ್ತಾರೆ. ಬಿಳಿಯರಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರುಗಳು ಬಹಳ ಸಾಮಾನ್ಯ, ಆದುದರಿಂದ ಅಲ್ಲಿ ಮೋಸ್ ಒಂದು ದೊಡ್ಡ ವೃತ್ತಿಯಾಗಿಯೇ ಬೆಳೆದಿದೆ. ನಮ್ಮ ಚರ್ಮದ ಬಣ್ಣ ಆ ಕ್ಯಾನ್ಸರುಗಳಿಂದ ಬಹಳಷ್ಟು ರಕ್ಷಣೆ ಕೊಡುತ್ತದೆ. ಭಾರತದಲ್ಲಿ ಮೋಸ್ ಕಲಿತ ಚರ್ಮವೈದ್ಯರು ಬೆರಳೆಣಿಕೆಯ ಕೇಂದ್ರಗಳಲ್ಲಿ ಮಾತ್ರ ಇರುವುದಕ್ಕೆ ಇದೂ ಒಂದು ಕಾರಣ. ಇಲ್ಲಿ ಡಿ.ಎಫ್.ಎಸ್.ಪಿ. ರೋಗಿ ಹೆಚ್ಚಾಗಿ ತಲುಪುವುದು ಕ್ಯಾನ್ಸರ್ ಶಸ್ತ್ರಚಿಕಿತ್ಸಾ ವಿಭಾಗಕ್ಕೆ, ಅಲ್ಲಿ ಸಿಗುವುದು ಅಗಲ ಶಸ್ತ್ರಚಿಕಿತ್ಸೆ. ಅದನ್ನು ಪೂರ್ಣ ಅಂಚಿನ ಪರೀಕ್ಷೆಯೊಂದಿಗೆ ಮಾಡಿಸಿಕೊಳ್ಳಲು ಸಾಧ್ಯವಾದರೆ ಕೊರಗುವ ಕಾರಣವಿಲ್ಲ.

ಗಾಯ ಮುಚ್ಚುವ ಹೊತ್ತು

ವಿಧಾನದಷ್ಟೇ ಮುಖ್ಯವಾದ, ಆದರೆ ರೋಗಿಗಳು ಕೇಳುವುದೇ ಇಲ್ಲದ ಪ್ರಶ್ನೆ ಇದು: ಗಾಯವನ್ನು ಯಾವಾಗ ಮುಚ್ಚುತ್ತೀರಿ, ಯಾವುದರಿಂದ ಮುಚ್ಚುತ್ತೀರಿ? ಒಂದೇ ದಿನದಲ್ಲಿ ಎಲ್ಲ ಮುಗಿದು ಮನೆಗೆ ಹೋಗಬೇಕೆಂಬ ಆಸೆ ರೋಗಿಗೂ ಇರುತ್ತದೆ, ವೈದ್ಯರಿಗೂ ಇರುತ್ತದೆ. ಗಡ್ಡೆ ತೆಗೆದ ತಕ್ಷಣ ಪಕ್ಕದ ಚರ್ಮವನ್ನು ಬಿಡಿಸಿ, ತಿರುಗಿಸಿ, ಎಳೆದು ಫ್ಲ್ಯಾಪ್ ಮಾಡಿ ಅಂದವಾಗಿ ಮುಚ್ಚಿದರೆಂದುಕೊಳ್ಳಿ. ಹತ್ತು ದಿನಕ್ಕೆ ಬರುವ ವರದಿಯಲ್ಲಿ ಎಡಗಡೆಯ ಅಂಚಿನಲ್ಲಿ ಗಡ್ಡೆ ಇದೆ ಎಂದಿದ್ದರೆ, ಆ ಎಡಗಡೆ ಈಗ ಎಲ್ಲಿದೆ? ತಿರುಗಿಸಿದ ಚರ್ಮದ ಅಡಿಯಲ್ಲಿ ಅಂಚುಗಳೆಲ್ಲ ಸ್ಥಾನ ಬದಲಿಸಿರುತ್ತವೆ, ಉಳಿದ ಎಳೆಗಳು ಹೊಸ ಜಾಗಕ್ಕೆ ಸೇರಿರಬಹುದು, ಫ್ಲ್ಯಾಪ್ ದಪ್ಪವಾಗಿದ್ದರೆ ಕೆಳಗೆ ಬೆಳೆಯುವ ಗಂಟು ಬೆರಳಿಗೆ ತಡವಾಗಿ ಸಿಗುತ್ತದೆ.

ಅಂಚು ಶುದ್ಧವೆಂದು ಖಚಿತವಾಗುವವರೆಗೆ ಚರ್ಮವನ್ನು ಹೆಚ್ಚು ಬಿಡಿಸಬಾರದು, ಫ್ಲ್ಯಾಪ್ ಮಾಡಬಾರದು ಎಂಬುದು ಇದರಿಂದ ಬಂದ ಪಾಠ. ಚರ್ಮ ಸಡಿಲವಾಗಿರುವ ಕಡೆ ನೇರವಾಗಿ ಎರಡು ಅಂಚು ಸೇರಿಸಿ ಹೊಲಿಗೆ ಹಾಕುವುದಕ್ಕೆ ಅಡ್ಡಿಯಿಲ್ಲ. ಅದು ಆಗದಿದ್ದಾಗ ವರದಿ ಬರುವವರೆಗೆ ಡ್ರೆಸ್ಸಿಂಗ್ ಅಥವಾ ಗಾಳಿ ಹೀರುವ ವ್ಯಾಕ್ ಯಂತ್ರದ ಮುಚ್ಚಿಗೆಯಲ್ಲಿ ಗಾಯವನ್ನು ಇಟ್ಟು, ಆಮೇಲೆ ಮುಚ್ಚಬಹುದು. ಇಲ್ಲವೇ ತೊಡೆಯ ತೆಳುಚರ್ಮವನ್ನು ಕಸಿ ಮಾಡಬಹುದು. ಚರ್ಮಕಸಿ ನೋಡಲು ಅಷ್ಟು ಚೆಂದವಲ್ಲ, ಆದರೆ ತೆಳ್ಳಗಿರುವುದರಿಂದ ಅಡಿಯಲ್ಲಿ ಏನಾದರೂ ಬೆಳೆದರೆ ಬೇಗ ಗೊತ್ತಾಗುತ್ತದೆ. ಬಾಯ್ತೆರೆದ ಗಾಯವನ್ನು ಒಂದು ವಾರ ಇಟ್ಟುಕೊಳ್ಳುವುದೆಂದರೆ ಮನೆಯವರಿಗೆ ದಿಗಿಲಾಗುತ್ತದೆ. ‘ಹೊಲಿಗೆ ಕೂಡ ಹಾಕದೆ ಕಳುಹಿಸಿದರು’ ಎಂದು ನೆಂಟರಿಷ್ಟರು ಆಡಿಕೊಳ್ಳುವುದೂ ಉಂಟು. ಆದರೂ ಇದರಲ್ಲಿ ನಿರ್ಲಕ್ಷ್ಯವಿಲ್ಲ, ಎಚ್ಚರಿಕೆಯಿದೆ.

ಜಾಗ ನೋಡಿ ಆಯ್ಕೆ

ಮುಖ, ನೆತ್ತಿ, ಕುತ್ತಿಗೆ, ಕೈ, ಪಾದ ಮತ್ತು ಜನನಾಂಗದ ಸುತ್ತ ಇರುವ ಗಡ್ಡೆಗೆ ಮೋಸ್ ಅಥವಾ ನಿಧಾನ ಮೋಸ್ ಸಿಗುವ ಕೇಂದ್ರಕ್ಕೆ, ದೂರವಾದರೂ ಸರಿ, ಒಮ್ಮೆ ಹೋಗಿ ಬರುವುದು ಸಾರ್ಥಕ ಎಂದು ನನಗನ್ನಿಸುತ್ತದೆ. ಅಲ್ಲಿ ಉಳಿಯುವ ಪ್ರತಿ ಸೆಂಟಿಮೀಟರ್ ಚರ್ಮಕ್ಕೂ ಬೆಲೆಯಿದೆ, ಕಣ್ಣು, ತುಟಿ, ನರಗಳು ಪಕ್ಕದಲ್ಲೇ ಇರುತ್ತವೆ. ನೆತ್ತಿಯಲ್ಲಂತೂ ಗಡ್ಡೆಯ ಅಡಿಯಲ್ಲಿ ಸಿಗುವುದು ಬುರುಡೆಯ ಮೇಲಿನ ತೆಳುಪೊರೆ, ಅದರ ಕೆಳಗೆ ಮೂಳೆಯೇ. ಬೆನ್ನು, ಹೊಟ್ಟೆ ಅಥವಾ ತೊಡೆಯಲ್ಲಿ ಚಿಕ್ಕ ಗಡ್ಡೆಯಿದ್ದು, ಹತ್ತಿರದಲ್ಲಿ ಒಳ್ಳೆಯ ಕ್ಯಾನ್ಸರ್ ಶಸ್ತ್ರವೈದ್ಯರೂ ಅವರೊಡನೆ ಕುಳಿತು ಮಾತಾಡುವ ಪೆಥಾಲಜಿ ವಿಭಾಗವೂ ಇದ್ದರೆ ಅಗಲ ಶಸ್ತ್ರಚಿಕಿತ್ಸೆಯೇ ಸರಳವಾದ ಆಯ್ಕೆ: ಒಂದು ಬಾರಿ ಅರಿವಳಿಕೆ, ಒಂದು ಬಾರಿ ಕೊಯ್ತ, ನೇರ ಹೊಲಿಗೆ. ಹತ್ತು ಸೆಂಟಿಮೀಟರಿನಂಥ ದೊಡ್ಡ ಗಡ್ಡೆಗೆ ಹೆಪ್ಪುಗಟ್ಟಿಸುವ ಮೋಸ್ ಪ್ರಾಯೋಗಿಕವೂ ಅಲ್ಲ. ಸ್ಥಳೀಯ ಮರಗಟ್ಟುವಿಕೆಯಲ್ಲಿ ಅಷ್ಟು ಹೊತ್ತು ಮಲಗಿರಲಾಗದು, ಒಂದು ಪದರಕ್ಕೇ ಹತ್ತಾರು ಗಾಜುಗಳನ್ನು ಓದಬೇಕಾಗುತ್ತದೆ.

ಒಮ್ಮೆ ಕೊಯ್ಯಿಸಿಕೊಂಡು ಮರಳಿ ಬಂದ ಗಡ್ಡೆಯ ವಿಷಯ ಬೇರೆ. ಅಲ್ಲಿ ಎಳೆಗಳು ಕಲೆಯ ನಡುವೆ ತುಂಡು ತುಂಡಾಗಿ, ದ್ವೀಪಗಳಂತೆ ಉಳಿದಿರಬಹುದು. ಎಳೆ ಒಂದಕ್ಕೊಂದು ಸೇರಿಕೊಂಡೇ ಬೆಳೆಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವ ಮೋಸ್ ವಿಧಾನಕ್ಕೆ ಇದು ಇಕ್ಕಟ್ಟು, ಕಣ್ಣಳತೆಯಲ್ಲಿ ಗೆರೆ ಎಳೆಯುವ ಅಗಲ ಶಸ್ತ್ರಚಿಕಿತ್ಸೆಗೂ ಇಕ್ಕಟ್ಟೇ. ಇಂಥ ಸಂದರ್ಭದಲ್ಲಿ ಹಳೆಯ ಕಲೆಯನ್ನು ಪೂರ್ತಿಯಾಗಿ ಸೇರಿಸಿ ತೆಗೆಯುವುದು, ಮೊದಲೇ ಎಂ.ಆರ್.ಐ. ಮಾಡಿಸಿ ಆಳ ತಿಳಿಯುವುದು, ಮೇಣದ ಬ್ಲಾಕಿನಲ್ಲಿ ಪೂರ್ಣ ಅಂಚನ್ನು ಓದಿಸುವುದು ಈ ಮೂರನ್ನೂ ಬಿಡಬಾರದು. ಮೊದಲ ಬಾರಿಯ ಶಸ್ತ್ರಚಿಕಿತ್ಸೆಯೇ ಗುಣಪಡಿಸಲು ಸಿಗುವ ಅತ್ಯುತ್ತಮ ಅವಕಾಶ ಎಂದು ಹೇಳುವುದು ಇದರಿಂದಲೇ.

ಚಿಕಿತ್ಸೆಗೆ ಮೊದಲು ವರದಿಯಲ್ಲಿ ಇನ್ನೊಂದು ಸಾಲನ್ನು ಹುಡುಕಬೇಕು. ಗಡ್ಡೆಯ ಒಂದು ಭಾಗ ಫೈಬ್ರೋಸಾರ್ಕೋಮವಾಗಿ ಮಾರ್ಪಟ್ಟಿದೆ ಎಂದು ಬರೆದಿದ್ದರೆ ಕಾಯಿಲೆಯ ಸ್ವಭಾವವೇ ಬದಲಾಗುತ್ತದೆ. ನೂರರಲ್ಲಿ 5ರಿಂದ 15 ಗಡ್ಡೆಗಳಲ್ಲಿ ಹೀಗಾಗುತ್ತದೆ. ಹೊರಗೆ ಹರಡುವ ಅಪಾಯ ಹೆಚ್ಚಾಗಿ ಇವರಿಗೇ. ಎದೆಯ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ, ನಿರ್ಧಾರವನ್ನು ಶಸ್ತ್ರವೈದ್ಯ, ವಿಕಿರಣ ತಜ್ಞ, ಔಷಧ ತಜ್ಞ ಒಟ್ಟಿಗೆ ಕುಳಿತು ತೆಗೆದುಕೊಳ್ಳುವ ಟ್ಯೂಮರ್ ಬೋರ್ಡಿಗೆ ಒಯ್ಯಬೇಕಾಗುತ್ತದೆ. ಇಂಥವರು ಯಾವ ವಿಧಾನ ಎಂದು ತಾವೇ ಚರ್ಚಿಸುತ್ತಾ ದಿನ ಕಳೆಯಬಾರದು.

ಚಾಕು ಸಾಲದಾದಾಗ

ಮತ್ತೆ ಕೊಯ್ಯಲು ಸಾಧ್ಯವೇ ಇಲ್ಲದ ಜಾಗದಲ್ಲಿ ಅಂಚು ಶುದ್ಧವಾಗದೆ ಉಳಿದರೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಇನ್ನೊಮ್ಮೆ ಕೊಯ್ಯಬಹುದಾದ ಕಡೆ ಅದನ್ನು ತಪ್ಪಿಸಲು ವಿಕಿರಣಕ್ಕೆ ಹೋಗುವುದು, ಅದರಲ್ಲೂ ಮೂವತ್ತರ ಹರೆಯದವರಲ್ಲಿ, ಸರಿಯೆನಿಸುವುದಿಲ್ಲ. ದಶಕಗಳ ನಂತರ ಅದೇ ಜಾಗದಲ್ಲಿ ಬೇರೆ ಕ್ಯಾನ್ಸರ್ ಹುಟ್ಟುವ ಸಣ್ಣ ಅಪಾಯ ಅವರ ಮುಂದೆ ಇರುತ್ತದೆ.

ಇಮಾಟಿನಿಬ್ ಮಾತ್ರೆಯ ಕಥೆ ಸ್ವಾರಸ್ಯವಾಗಿದೆ. ರಕ್ತದ ಕ್ಯಾನ್ಸರಿಗೆಂದು ಬಂದ ಈ ಔಷಧ, ಮೇಲೆ ಹೇಳಿದ ಕ್ರೋಮೋಸೋಮಿನ ಅದಲುಬದಲಿನಿಂದ ಹೊರಡುವ ಆಜ್ಞೆಯನ್ನೇ ತಡೆಯುವುದರಿಂದ, ತೆಗೆಯಲಾಗದ ಅಥವಾ ಹರಡಿದ ಡಿ.ಎಫ್.ಎಸ್.ಪಿ.ಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದರ ಪೇಟೆಂಟ್ ವಿವಾದದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕೊಟ್ಟ ತೀರ್ಪಿನಿಂದ ಭಾರತದ ಕಂಪನಿಗಳು ತಯಾರಿಸುವ ಅಗ್ಗದ ಮಾತ್ರೆಗಳು ಉಳಿದುಕೊಂಡವು. ದೊಡ್ಡ ಗಡ್ಡೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲು ಕುಗ್ಗಿಸಲೂ ಇದನ್ನು ಬಳಸುತ್ತಾರೆ. ಆ ಅದಲುಬದಲು ಇಲ್ಲದ ಗಡ್ಡೆಗೆ ಇದರಿಂದ ಪ್ರಯೋಜನ ನಿರೀಕ್ಷಿಸಲಾಗದು, ಹಾಗಾಗಿ ಮಾತ್ರೆಗೆ ಮೊದಲು ಜೀನ್ ಪರೀಕ್ಷೆ ಮಾಡಿಸಬೇಕು. ತೆಗೆಯಬಹುದಾದ ಗಡ್ಡೆಯನ್ನು ಬಿಟ್ಟು ಮಾತ್ರೆಯನ್ನೇ ನಂಬಿಕೊಳ್ಳುವುದು ಆಯ್ಕೆಯಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದದ್ದು

ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದವಷ್ಟೇ ಸಾಲದು. ಮೊದಲು ಕೊಯ್ದ ತುಂಡಿನ ಬ್ಲಾಕ್ ಮತ್ತು ಸ್ಲೈಡುಗಳನ್ನು ಪ್ರಯೋಗಾಲಯದಿಂದ ಬರೆದುಕೊಟ್ಟು ಪಡೆದುಕೊಳ್ಳಬೇಕು, ಏಕೆಂದರೆ ಹೊಸ ಪೆಥಾಲಜಿಸ್ಟ್ ಅದನ್ನು ಮತ್ತೆ ಓದುವುದು ಒಳ್ಳೆಯ ಕೇಂದ್ರಗಳ ಪದ್ಧತಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಶಸ್ತ್ರಚಿಕಿತ್ಸೆ, ಪೆಥಾಲಜಿ, ವಿಕಿರಣ ವಿಭಾಗಗಳು ಒಂದೇ ಆವರಣದಲ್ಲಿರುವುದು ಈ ಕಾಯಿಲೆಗೆ ಅನುಕೂಲ. ಶಸ್ತ್ರವೈದ್ಯರನ್ನು ಕೇಳಬೇಕಾದದ್ದು ಇಷ್ಟು: ತುಂಡಿಗೆ ದಾರ ಕಟ್ಟಿ ದಿಕ್ಕು ಗುರುತಿಸಿ ಕಳುಹಿಸುತ್ತೀರಾ, ಸುತ್ತಂಚನ್ನೂ ತಳವನ್ನೂ ಪೂರ್ತಿಯಾಗಿ ನೋಡಿ ಎಂದು ಪೆಥಾಲಜಿಯವರಿಗೆ ಮೊದಲೇ ತಿಳಿಸಲು ಆಗುತ್ತದೆಯೇ, ವರದಿ ಬರುವ ಮೊದಲು ಫ್ಲ್ಯಾಪ್ ಮಾಡದೆ ಇರಬಹುದೇ, ಅಂಚಿನಲ್ಲಿ ಗಡ್ಡೆ ಸಿಕ್ಕಿದರೆ ಎರಡನೆಯ ಶಸ್ತ್ರಚಿಕಿತ್ಸೆ ಎಷ್ಟು ದಿನದಲ್ಲಿ? ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಸಿಡುಕುವ ವೈದ್ಯರು ಕಡಿಮೆ. ಸಿಡುಕಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಲು ಅದೂ ಒಂದು ಕಾರಣವೇ. ಕಾಯಿಲೆ ನಿಧಾನವಾಗಿ ಬೆಳೆಯುವಂಥದ್ದಾದ್ದರಿಂದ ಎರಡು ಮೂರು ವಾರ ಓಡಾಡಿ ಸರಿಯಾದ ಕೇಂದ್ರ ಹುಡುಕುವುದರಿಂದ ನಷ್ಟವಿಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರೂ, ಖಾಸಗಿ ವಿಮೆ ಇರುವವರೂ ಎರಡನೆಯ ಹಂತದ ಕೊಯ್ತ ಮತ್ತು ಚರ್ಮಕಸಿ ಪ್ರತ್ಯೇಕವಾಗಿ ಮಂಜೂರಾಗಬೇಕೇ, ಮೊದಲ ಪ್ಯಾಕೇಜಿನಲ್ಲೇ ಸೇರಿದೆಯೇ ಎಂದು ದಾಖಲಾಗುವ ಮೊದಲು ವಿಚಾರಿಸಿಕೊಳ್ಳಬೇಕು. ಹಂತ ಹಂತವಾಗಿ ಮಾಡುವ ಶಸ್ತ್ರಚಿಕಿತ್ಸೆ ಕಾಗದಪತ್ರದ ತೊಡಕಿನಿಂದ ನಡುವೆ ನಿಲ್ಲುವುದು ಗಾಯ ಬಾಯ್ತೆರೆದಿರುವ ರೋಗಿಗೆ ದೊಡ್ಡ ಸಂಕಟ.

ಶಸ್ತ್ರಚಿಕಿತ್ಸೆಯ ನಂತರದ ವರದಿಯಲ್ಲಿ ಗಡ್ಡೆಯಿಂದ ಅಂಚಿಗೆ ಇರುವ ದೂರ ವೈದ್ಯರು ಹೇಳಿದ್ದಕ್ಕಿಂತ ಕಡಿಮೆ ಕಂಡರೆ ಗಾಬರಿಯಾಗಬೇಡಿ. ಕೊಯ್ದ ಚರ್ಮ ಎಳೆತ ತಪ್ಪಿದೊಡನೆಯೂ ಫಾರ್ಮಲಿನ್ನಿನಲ್ಲೂ ಗಮನಾರ್ಹವಾಗಿ ಕುಗ್ಗುತ್ತದೆ, 2 ಸೆಂಟಿಮೀಟರ್ ಬಿಟ್ಟು ಕೊಯ್ದದ್ದು ಕಾಗದದ ಮೇಲೆ ಒಂದೂವರೆಯಾಗಬಹುದು. ಮರುಕಳಿಕೆ ಹೆಚ್ಚಾಗಿ ಮೊದಲ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು. ಆದರೆ ಐದು ವರ್ಷ ಕಳೆದ ಮೇಲೂ ಮರಳಿದ ಉದಾಹರಣೆಗಳಿರುವುದರಿಂದ ವರ್ಷಕ್ಕೊಮ್ಮೆ ಹೋಗುವುದನ್ನು ನಿಲ್ಲಿಸಬಾರದು. ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಸೋಪಿನ ನೊರೆಗೈಯಿಂದ ಕಲೆಯ ಮೇಲೂ ಅದರ ಸುತ್ತ ನಾಲ್ಕು ಬೆರಳಿನಷ್ಟು ಜಾಗದಲ್ಲೂ ಒತ್ತಿ ನೋಡಿಕೊಳ್ಳಿ. ಕಲೆ ಮೊದಲ ವರ್ಷದಲ್ಲಿ ಗಟ್ಟಿಯಾಗಿದ್ದು ಆಮೇಲೆ ಮೆದುವಾಗುತ್ತಾ ಹೋಗಬೇಕು. ಮೆದುವಾದದ್ದು ಮತ್ತೆ ಗಟ್ಟಿಯಾದರೆ, ಕಾಳಿನಷ್ಟು ಗಂಟು ಬೆರಳಿಗೆ ತಗುಲಿದರೆ, ಮುಂದಿನ ನಿಗದಿತ ಭೇಟಿಗೆ ಕಾಯದೆ ಮೊದಲು ಶಸ್ತ್ರಚಿಕಿತ್ಸೆ ಮಾಡಿದ ತಂಡದ ಬಳಿಗೇ ಹೋಗಿ, ಆ ಗಂಟಿನ ಬಯಾಪ್ಸಿ ಮಾಡಿಸಬೇಕು.